ಹದಿಮೂರನೆಯ ಕಟ್ಟು

ಬುಧವಾರ

ಇದು ನನ್ನ ಡೈರಿ ಅಲ್ಲ, ಗಣಿತದ ನೋಟ್‌ಬುಕ್ಕಿನ ಹಿಂಭಾಗ. ನನ್ನ ನಿಜವಾದ ಡೈರಿ ಈಗ ಶಾಲೆಯಲ್ಲಿ, ದೊಡ್ಡ ಮೇಡಂ ಅವರ ಬೀರುವಿನಲ್ಲಿ, ಬೇರೊಂದು ಪುಸ್ತಕದ ಹೊಟ್ಟೆಯೊಳಗೆ ಕೂತಿದೆ. ಅದು ಅಲ್ಲಿಗೆ ಹೇಗೆ ಹೋಯಿತು ಎಂದು ಬರೆದಿಡುತ್ತೇನೆ. ಚೌಕಚೌಕದ ಹಾಳೆಯಲ್ಲಿ ಚಿತ್ರ ಬರೆದರೆ ಎಲ್ಲರ ಮುಖವೂ ಕಿಟಕಿಯ ಸರಳಿನ ಹಿಂದಿರುವಂತೆ ಕಾಣುತ್ತದೆ. ಇರಲಿ, ಈ ವಾರಕ್ಕೆ ಅದೇ ಸರಿ.

ಮೊದಲು ನನ್ನ ವಿಷಯ. ಏಳನೇ ಬಿ. ಉದ್ದಕ್ಕೆ, ಸಣ್ಣಗೆ ಇರುವುದರಿಂದ ಕ್ಲಾಸಿನಲ್ಲಿ ನನ್ನ ಹೆಸರು ಸ್ಕೇಲ್. ನನಗೇನೂ ಬೇಸರವಿಲ್ಲ, ಸ್ಕೇಲ್ ಇಲ್ಲದೆ ಯಾರಿಗೂ ನೆಟ್ಟಗೆ ಗೆರೆ ಎಳೆಯಲು ಬರುವುದಿಲ್ಲ. ಇಡೀ ಶಾಲೆಯಲ್ಲಿ ನನ್ನಷ್ಟು ಚೆನ್ನಾಗಿ ಚಿತ್ರ ಬರೆಯುವವರು ಇನ್ನೊಬ್ಬರಿಲ್ಲ. ಇದನ್ನು ಜಂಬ ಎನ್ನುವವರು ಒಂದು ಸಲ ಕುದುರೆ ಬರೆದು ತೋರಿಸಲಿ.

(ಚಿತ್ರ: ನಾನು. ಕೈಯಲ್ಲಿ ಪೆನ್ಸಿಲ್. ಪಕ್ಕದಲ್ಲಿ ನನ್ನ ಗೆಳತಿ ಗೋಂದು, ಭುಜಕ್ಕೆ ಅಂಟಿಕೊಂಡು. ಅವಳಿಗೆ ಆ ಹೆಸರು ಯಾಕೆ ಬಂತು ಎಂದು ಚಿತ್ರ ನೋಡಿದರೇ ತಿಳಿಯುತ್ತದೆ.)

ಅಮ್ಮ ಆಸ್ಪತ್ರೆಯಲ್ಲಿ ನರ್ಸ್, ಅಪ್ಪ ಬಸ್ ಓಡಿಸುತ್ತಾರೆ. ಇಬ್ಬರೂ ಮನೆಯಲ್ಲಿ ಸಿಗುವುದು ಅಪರೂಪ. ಹಾಗಾಗಿ ನನ್ನನ್ನು ಬೈದು, ತಲೆ ಬಾಚಿ, ಹೋಂವರ್ಕ್ ಮುಗಿಯಿತಾ ಎಂದು ಕೇಳಿ ದೊಡ್ಡವಳನ್ನಾಗಿ ಮಾಡುತ್ತಿರುವುದು ಅತ್ತೆ. ಅಪ್ಪನ ಅಕ್ಕ. ಅತ್ತೆಯ ಕೆಲಸ ಪುಸ್ತಕಗಳಿಗೆ ಬೈಂಡಿಂಗ್ ಮಾಡುವುದು, ಮತ್ತು ಮನೆಯ ಮುಂದಿನ ಕೋಣೆ ಪೂರ್ತಿ ಅತ್ತೆಯದು. ಅಲ್ಲಿ ಒಂದು ಉದ್ದ ಮೇಜಿದೆ, ಚಕ್ರ ತಿರುಗಿಸುವ ಕಬ್ಬಿಣದ ಪ್ರೆಸ್ಸಿದೆ, ರಟ್ಟಿನ ರಾಶಿ ಇದೆ, ಮೈದಾ ಬೇಯಿಸಿದ ಅಂಟಿನ ಪಾತ್ರೆ ಇದೆ. ಹುಳ ಹಿಡಿಯದಿರಲಿ ಎಂದು ಅಂಟಿಗೆ ಮೈಲುತುತ್ತ ಹಾಕುತ್ತಾಳೆ. ಅದಕ್ಕೇ ಅತ್ತೆಯ ಉಗುರಿನ ಸಂದಿ ಸದಾ ನೀಲಿ.

ಅತ್ತೆ ಓದಿದ್ದು ಏಳನೇ ಕ್ಲಾಸಿನವರೆಗೆ. "ನಾನು ಏಳು ಪಾಸು. ನೀನಿನ್ನೂ ಏಳರಲ್ಲೇ ಇದ್ದೀಯ. ಲೆಕ್ಕದ ಪ್ರಕಾರ ನಾನೇ ಮುಂದೆ," ಎಂದು ಚುಡಾಯಿಸುತ್ತಾಳೆ. ಏಳು ಮುಗಿದ ಮೇಲೆ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಹಾಳೆ ಮಡಚಲು ಸೇರಿದಳಂತೆ. ಹೆಂಗಸರಿಗೆ ಅಲ್ಲಿನ ಬೈಂಡರ್ ಹೊಲಿಗೆ ಹೇಳಿಕೊಡುತ್ತಿರಲಿಲ್ಲ. ಅತ್ತೆ ಹಳೆಯದೊಂದು ದಪ್ಪ ಪುಸ್ತಕವನ್ನು ಮನೆಗೆ ತಂದು, ಪೂರ್ತಿ ಬಿಚ್ಚಿ, ಮತ್ತೆ ಹೊಲಿದಳು. ಸರಿಯಾಗಲಿಲ್ಲ. ಮತ್ತೆ ಬಿಚ್ಚಿದಳು. ಒಂಬತ್ತು ಸಲ. ಒಂಬತ್ತನೇ ಸಲ ಅದನ್ನು ತೆಗೆದುಕೊಂಡು ಹೋಗಿ ಬೈಂಡರ್ ಮುಂದೆ ಇಟ್ಟು, "ಇದು ಯಾರ ಕೆಲಸ ಹೇಳಿ," ಎಂದಳಂತೆ. ಅವರು ತಿರುಗಿಸಿ ಮುರುಗಿಸಿ ನೋಡಿ, "ನಂದೇ," ಎಂದರಂತೆ. ಈ ಕತೆಯನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ, ಪ್ರತಿ ಸಲ ಅತ್ತೆ "ನಂದೇ" ಎನ್ನುವಾಗ ಧ್ವನಿ ದಪ್ಪ ಮಾಡುತ್ತಾಳೆ.

ಯಾರಾದರೂ ಮದುವೆ ಯಾಕಾಗಲಿಲ್ಲ ಎಂದು ಕೇಳಿದರೆ, "ಅಂಟು ಒಣಗಲಿ ಅಂತ ಕಾಯ್ತಿದ್ದೀನಿ," ಎನ್ನುತ್ತಾಳೆ. ಕೇಳಿದವರು ಎರಡನೇ ಸಲ ಕೇಳುವುದಿಲ್ಲ.

(ಚಿತ್ರ: ಅತ್ತೆ. ಬಾಯಲ್ಲಿ ದಾರದ ತುದಿ, ಕೈಯಲ್ಲಿ ದಬ್ಬಣ, ಕೂದಲಲ್ಲಿ ಕಾಗದದ ಚೂರು. ಮೂಗು ಕೊಂಚ ಉದ್ದ.)

ಅತ್ತೆಯ ಕೋಣೆಗೆ ಎರಡು ಕಾನೂನು. ಮೊದಲನೆಯದು, ಬೈಂಡ್ ಮಾಡುವುದನ್ನು ಓದಬಾರದು. ಚಿಕ್ಕವಳಿದ್ದಾಗ ಒಮ್ಮೆ ಯಾವುದೋ ಕತೆ ಓದುತ್ತಾ ಕೂತು, ಇಪ್ಪತ್ತು ಪುಸ್ತಕಕ್ಕೆ ರಟ್ಟನ್ನು ತಲೆಕೆಳಗಾಗಿ ಅಂಟಿಸಿಬಿಟ್ಟಳಂತೆ. ಅಂದಿನಿಂದ ಅವಳ ಕಣ್ಣು ಹಾಳೆಯ ಅಂಚಿನ ಮೇಲೆ, ಅಕ್ಷರದ ಮೇಲಲ್ಲ. ಎರಡನೆಯದು, ಕಿಟಕಿ ಪಕ್ಕ ಮೇಜಿನ ಮೇಲೆ ಒಂದು ಹಲಗೆ, ಅದರ ಮೇಲೆ ಕೆಟ್ಟುಹೋದ ಇಸ್ತ್ರಿಪೆಟ್ಟಿಗೆ ಭಾರಕ್ಕೆ ಇರುತ್ತದೆ. ಹಲಗೆಯ ಮೇಲೆ ಇಟ್ಟದ್ದು ಇನ್ನೂ ಕಾಯಬೇಕು. ಹಲಗೆಯ ಕೆಳಗೆ ಇರುವುದು ಹೊಲಿಗೆಗೆ ಸಿದ್ಧ. ಅತ್ತೆ ಕೆಳಗಿರುವುದನ್ನು ತೆಗೆದುಕೊಳ್ಳುತ್ತಾಳೆ, ಹೊಲಿಯುತ್ತಾಳೆ, ಅಷ್ಟೇ. ಈ ಕಾನೂನು ನಾನು ಮೂರು ವರ್ಷದವಳಿದ್ದಾಗಿನಿಂದ ನನಗೆ ಗೊತ್ತು.

ಗೊತ್ತಿದ್ದೂ ಭಾನುವಾರ ಏನು ಮಾಡಿದೆ ಎಂದರೆ, ನನ್ನ ಡೈರಿಯನ್ನು ಹಲಗೆಯ ಕೆಳಗೆ ಇಟ್ಟೆ.

ನನ್ನ ಡೈರಿ ಅಂಗಡಿಯಿಂದ ತಂದದ್ದಲ್ಲ. ಅತ್ತೆ ಕೊಟ್ಟ ಗೆರೆಯಿಲ್ಲದ ಹಾಳೆಗಳಲ್ಲಿ ಬರೆಯುತ್ತೇನೆ. ದೊಡ್ಡ ಹಾಳೆಯನ್ನು ನಡುವೆ ಮಡಚಿ, ಅಂಥ ನಾಲ್ಕನ್ನು ಒಂದರೊಳಗೊಂದು ಇಟ್ಟರೆ ಒಂದು ಕಟ್ಟು, ಹದಿನಾರು ಪುಟ. ಒಂದು ತುಂಬಿದ ಮೇಲೆ ಇನ್ನೊಂದು. ಶನಿವಾರ ಬ್ಯಾಗಿನಲ್ಲಿ ನೀರಿನ ಬಾಟಲಿ ಸೋರಿ ಕಟ್ಟೆಲ್ಲ ಸುಕ್ಕಾಗಿತ್ತು. ಚಪ್ಪಟೆಯಾಗಲಿ ಎಂದು ಭಾರದ ಕೆಳಗೆ ಸೇರಿಸಿದೆ. ಅಲ್ಲಿ ಆಗಲೇ ನಮ್ಮ ಶಾಲೆಯ ಕೈಬರಹದ ಪುಸ್ತಕದ ಕಟ್ಟುಗಳಿದ್ದವು. ಪ್ರತಿ ವರ್ಷ ಮಕ್ಕಳ ಒಳ್ಳೆಯ ಪ್ರಬಂಧ, ಚಿತ್ರ ಎಲ್ಲ ಸೇರಿಸಿ ಒಂದು ಪುಸ್ತಕ ಮಾಡುತ್ತಾರೆ, ಹಾಳೆಯೂ ಅತ್ತೆಯದೇ, ಬೈಂಡಿಂಗೂ ಅತ್ತೆಯದೇ. ನನ್ನದು ಆಯ್ಕೆಯಾಗಿರಲಿಲ್ಲ. ಚಿತ್ರದಲ್ಲಿ ತರಲೆ ಜಾಸ್ತಿ ಎಂದು ಲೈಬ್ರರಿ ಸರ್ ವಾಪಸ್ ಕೊಟ್ಟಿದ್ದರು.

ಅದೇ ಅಳತೆ, ಅದೇ ಹಾಳೆ, ಅದೇ ಭಾರದ ಕೆಳಗೆ. ಇವತ್ತು ಸಂಜೆ ಡೈರಿ ತೆಗೆಯೋಣ ಎಂದು ಇಸ್ತ್ರಿಪೆಟ್ಟಿಗೆ, ಹಲಗೆ ಎತ್ತಿದರೆ ಕೆಳಗೆ ಬರೀ ಮೇಜು. ಪುಸ್ತಕವನ್ನು ನಿನ್ನೆಯೇ ಶಾಲೆಗೆ ಕೊಟ್ಟು ಬಂದಾಗಿತ್ತು. ನನ್ನ ಕಟ್ಟೂ ಅದರೊಳಗೇ ಹೊಲಿದು ಹೋಗಿತ್ತು.

ದೊಡ್ಡ ಮೇಡಂ ಅವರನ್ನು ಬೀಗದ ಕೈ ನೇತುಹಾಕಿಕೊಂಡ ಬೀರುವಿನಂತೆ ಬರೆದಿದ್ದೇನೆ. ಲೈಬ್ರರಿ ಸರ್ ನಿದ್ದೆ ಮಾಡುತ್ತಿರುವ ಚಿತ್ರ ಮೂರಿವೆ. ಅದಕ್ಕೆಲ್ಲ ಬೈಸಿಕೊಂಡರಾಯಿತು, ನನಗೆ ಅಭ್ಯಾಸವಿದೆ. ನನಗೆ ಹೆದರಿಕೆ ಇರುವುದು ಎರಡನೇ ಪುಟಕ್ಕೆ.

ಎರಡನೇ ಪುಟದಲ್ಲಿ ಬರೆದಿರುವುದು ಇಷ್ಟು. ಎರಡು ವಾರದ ಹಿಂದೆ ಅತ್ತೆ ಹಾಳೆಯ ಕಟ್ಟು ಹೇರಿಕೊಂಡು ಸೈಕಲ್ಲಿನಲ್ಲಿ ಶಾಲೆಗೆ ಬಂದಿದ್ದಳು. ಸೀರೆಗೆಲ್ಲ ಒಣಗಿದ ಅಂಟು, ತಲೆಯಲ್ಲಿ ಕಾಗದದ ಚೂರು. ಗೇಟಿನಿಂದಲೇ ನನ್ನ ಕಡೆ ಕೈ ಬೀಸಿದಳು. ನನ್ನ ಪಕ್ಕದಲ್ಲಿ ಹೊಸ ಹುಡುಗಿ ಇದ್ದಳು. ನಮ್ಮ ಕ್ಲಾಸಿಗೆ ಈ ವರ್ಷ ಸೇರಿದವಳು, ಮೂರು ಅಂತಸ್ತಿನ ಪೆನ್ಸಿಲ್ ಬಾಕ್ಸಿನವಳು. "ಯಾರದು?" ಎಂದು ಕೇಳಿದಳು. ನಾನು, "ಬೈಂಡಿಂಗಿನವರು," ಎಂದೆ. ಕೈ ಬೀಸಲಿಲ್ಲ. ಶೂ ಲೇಸ್ ಕಟ್ಟಿಕೊಳ್ಳುವವಳ ಹಾಗೆ ಬಗ್ಗಿದೆ.

ಮನೆಯಲ್ಲಿ ನೀನು ಎಂದು ಮಾತಾಡಿಸುವವಳನ್ನು ಗೇಟಿನಲ್ಲಿ ಯಾರೋ ಎಂಬಂತೆ ಮಾಡಿಬಿಟ್ಟೆ. ಹೇಳಿದ್ದು ಸುಳ್ಳಲ್ಲ. ಸುಳ್ಳಾಗಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲವೋ ಏನೋ. ಅದನ್ನು ಯಾರಿಗೂ ಹೇಳಲಾಗದೆ ಡೈರಿಗೆ ಹೇಳಿದೆ, ಚಿತ್ರದ ಸಮೇತ.

ಗುರುವಾರ

ಬೆಳಗ್ಗೆ ಗೋಂದುಗೆ ಎಲ್ಲ ಹೇಳಿದೆ. ಅವಳು, "ಯಾರೂ ಎರಡನೇ ಪುಟ ಓದಲ್ಲ ಬಿಡು," ಎಂದಳು. ಆಮೇಲೆ ಅವಳೇ ನಾಲಿಗೆ ಕಚ್ಚಿಕೊಂಡಳು. ಯಾಕೆಂದರೆ ನಮ್ಮ ಶಾಲೆಯಲ್ಲಿ ಒಂದು ಪದ್ಧತಿ ಇದೆ. ವಾರ್ಷಿಕೋತ್ಸವದ ದಿನ ಮುಖ್ಯ ಅತಿಥಿ ಕಣ್ಣು ಮುಚ್ಚಿಕೊಂಡು ಆ ಪುಸ್ತಕವನ್ನು ಎಲ್ಲೋ ಒಂದು ಕಡೆ ತೆರೆಯಬೇಕು, ತೆರೆದ ಪುಟವನ್ನು ಮೈಕಿನಲ್ಲಿ ಓದಬೇಕು. ವಾರ್ಷಿಕೋತ್ಸವ ಶನಿವಾರ. ಆ ದಿನ ಸಭಾಂಗಣದ ಕೊನೆಯ ಸಾಲಿನಲ್ಲಿ ಅತ್ತೆ ತಪ್ಪದೆ ಕೂತಿರುತ್ತಾಳೆ. ತನ್ನ ಪುಸ್ತಕ ಸರಿಯಾಗಿ ತೆರೆದುಕೊಳ್ಳುತ್ತದಾ ಎಂದು ನೋಡಲು.

ಗಣಿತದ ನೋಟ್‌ಬುಕ್ ಹೇಗೂ ಕೈಯಲ್ಲಿತ್ತು, ಲೆಕ್ಕ ಹಾಕಿದೆ. ಶಾಲೆಯ ಕಟ್ಟು ಹನ್ನೆರಡು, ನನ್ನದು ಒಂದು. ಹದಿಮೂರರಲ್ಲಿ ಒಂದು ಸಲ ನನ್ನ ಡೈರಿ ತೆರೆದುಕೊಳ್ಳಬಹುದು. ಕಮ್ಮಿಯೇ. ಆದರೆ ಶನಿವಾರ ತಪ್ಪಿಸಿಕೊಂಡರೂ ಸೋಮವಾರದಿಂದ ಪುಸ್ತಕ ಲೈಬ್ರರಿಯ ಮೇಜಿನ ಮೇಲೆ ಬರುತ್ತದೆ. ಆಮೇಲೆ ಲೆಕ್ಕ ಹಾಕುವುದೇನೂ ಉಳಿಯುವುದಿಲ್ಲ.

(ಚಿತ್ರ: ಹದಿಮೂರು ಚೌಕ. ಹನ್ನೆರಡು ಖಾಲಿ. ಒಂದರಲ್ಲಿ ನಾನು, ತಲೆ ಮೇಲೆ ಕೈ ಹೊತ್ತುಕೊಂಡು.)

ಮಧ್ಯಾಹ್ನ ಗೋಂದುವನ್ನು ದೊಡ್ಡ ಮೇಡಂ ಹತ್ತಿರ ಕಳಿಸಿದೆ. ಅವಳ ಪ್ರಬಂಧ ಪುಸ್ತಕದಲ್ಲಿದೆ, 'ನೀರು' ಎಂಬ ವಿಷಯದ ಮೇಲೆ. ಅದರಲ್ಲಿ ಒಂದು ತಪ್ಪು ತಿದ್ದಬೇಕು, ಪುಸ್ತಕ ಕೊಡಿ ಎಂದು ಕೇಳಬೇಕಿತ್ತು. ಗೋಂದು ಹೋದಳು, ಬಾಗಿಲಲ್ಲಿ ನಿಂತಳು, ಮೇಡಂ ಕನ್ನಡಕದ ಮೇಲಿಂದ ನೋಡಿದರು, ಇವಳು "ಏನಿಲ್ಲ ಮೇಡಂ," ಎಂದು ವಾಪಸ್ ಬಂದಳು. ಅಂಟಿಕೊಳ್ಳುವುದರಲ್ಲಿ ಮಾತ್ರ ಅವಳು ಗಟ್ಟಿಗಿತ್ತಿ.

ಮನೆಗೆ ಬಂದಾಗ ಅತ್ತೆ ಯಾರದೋ ನಿಘಂಟಿಗೆ ಬೆನ್ನು ಕಟ್ಟುತ್ತಿದ್ದಳು. ಬ್ಯಾಗ್ ಕೆಳಗಿಡುವ ಮುಂಚೆಯೇ ಹೇಳಿಬಿಟ್ಟೆ. ನಿಂತು ಯೋಚಿಸಿದ್ದರೆ ಹೇಳುತ್ತಿರಲಿಲ್ಲ.

"ಅತ್ತೆ, ಶಾಲೆ ಪುಸ್ತಕದಲ್ಲಿ ನನ್ನ ಡೈರಿ ಸೇರಿಹೋಗಿದೆ."

ಅತ್ತೆ ಅಂಟಿನ ಬ್ರಷ್ ಕೆಳಗಿಟ್ಟಳು. "ಎಲ್ಲಿಟ್ಟಿದ್ದೆ?"

"ಭಾರದ ಕೆಳಗೆ. ಸುಕ್ಕಾಗಿತ್ತು."

ಅತ್ತೆ ಮನಸ್ಸಿನಲ್ಲೇ ಎಣಿಸಿದ್ದು ತುಟಿಯಲ್ಲಿ ಕಾಣುತ್ತಿತ್ತು. "ಹದಿಮೂರು," ಎಂದಳು. "ಬೆನ್ನು ಯಾಕೋ ದಪ್ಪ ಬಂತು ಅಂತ ಅಂದ್ಕೊಂಡೆ. ಲೈಬ್ರರಿ ಸರ್ ಕೊನೇಗೆ ಇನ್ನೊಂದು ತಂದು ಸೇರಿಸಿರ್ತಾರೆ ಅಂತ ಸುಮ್ಮನಾದೆ. ಎಣಿಸಬೇಕಿತ್ತು."

"ತಪ್ಪು ನಂದೇ ಅತ್ತೆ."

"ಅರ್ಧ ನಿಂದು. ಎಣಿಸದೇ ಹೊಲಿದಿದ್ದು ನಾನು. ಅದು ನಂದು." ಆಮೇಲೆ ಕೇಳಿದಳು, "ಅದರಲ್ಲಿ ಅಂಥದ್ದೇನು ಬರ್ದಿದ್ದೀಯ?"

"ಹೀಗೇ. ಶಾಲೆ ವಿಷಯ."

ಅತ್ತೆ ನನ್ನ ಮುಖವನ್ನು ನೋಡಿದಳು. ಹಾಳೆ ನೆಟ್ಟಗಿದೆಯಾ ಎಂದು ಬೆಳಕಿಗೆ ಹಿಡಿದು ನೋಡುವ ಹಾಗೆ. "ನಾಳೆ ಬೆಳಗ್ಗೆ ಇಬ್ಬರೂ ಹೋಗೋಣ. ಅಲ್ಲೇ ಬಿಚ್ಚಿ ಅಲ್ಲೇ ಹೊಲೀತೀನಿ," ಎಂದು ಬ್ರಷ್ ಎತ್ತಿಕೊಂಡಳು.

ಶುಕ್ರವಾರ

ಇವತ್ತು ಬರೆಯಲು ಬಹಳ ಇದೆ. ಗಣಿತದ ಮೇಷ್ಟ್ರು ಈ ನೋಟ್‌ಬುಕ್ ಕೇಳಿದರೆ ನನ್ನ ಗತಿ ಅಷ್ಟೇ.

ಬೆಳಗ್ಗೆ ಅತ್ತೆ ಸೈಕಲ್ಲಿಗೆ ಅಂಟಿನ ಪಾತ್ರೆ, ದಾರದ ಉಂಡೆ, ಮೇಣ, ದಬ್ಬಣ, ಸೂಜಿ ಎಲ್ಲ ಕಟ್ಟಿದಳು. ಒಗೆದ ಸೀರೆ ಉಟ್ಟಿದ್ದಳು. ಅರ್ಧ ದಾರಿ ಬರುವಷ್ಟರಲ್ಲಿ ಅದಕ್ಕೂ ಅಂಟು ಚೆಲ್ಲಿತ್ತು.

ದೊಡ್ಡ ಮೇಡಂ ಅವರ ಕೋಣೆಯಲ್ಲಿ ಅತ್ತೆ ಕುರ್ಚಿಯಲ್ಲಿ ಕೂರಲಿಲ್ಲ. ನಿಂತೇ ಹೇಳಿದಳು. "ಮೇಡಂ, ಪುಸ್ತಕದಲ್ಲಿ ಒಂದು ತಪ್ಪಾಗಿದೆ. ನಿಮ್ಮದಲ್ಲದ ಒಂದು ಕಟ್ಟು ಸೇರಿಸಿ ಹೊಲಿದಿದ್ದೀನಿ. ಬಿಚ್ಚಿ ಸರಿ ಮಾಡಿಕೊಡ್ತೀನಿ."

ಮೇಡಂಗೆ ನಂಬಲಾಗಲಿಲ್ಲ. "ನೀವಾ? ಇಷ್ಟು ವರ್ಷದಲ್ಲಿ ಒಂದು ಹಾಳೆ ಆಚೀಚೆ ಆಗಿಲ್ಲವಲ್ಲ."

"ಈಗ ಆಯ್ತು," ಎಂದಳು ಅತ್ತೆ. ನನ್ನ ಕಡೆ ಬೆರಳೂ ತೋರಿಸಲಿಲ್ಲ. ನಾನು ಬಾಯಿ ತೆರೆದು, "ನಾನೇ ಮೇಡಂ ಇಟ್ಟಿದ್ದು," ಎನ್ನುವಷ್ಟರಲ್ಲಿ ಅತ್ತೆ ಮೊಣಕೈಯಿಂದ ಒಂದು ತಿವಿತ ತಿವಿದಳು. ಆದರೂ ಹೇಳಿದೆ. ಮೇಡಂ ನಮ್ಮಿಬ್ಬರನ್ನೂ ಒಮ್ಮೆ ನೋಡಿ ಬೀರುವಿನ ಬೀಗ ತೆಗೆದರು.

ಪುಸ್ತಕ ತೆಗೆದುಕೊಂಡು ಲೈಬ್ರರಿಗೆ ಹೋದರೆ ಅಲ್ಲಿನ ಸರ್ ಒಂದು ಉಪಾಯ ಹೇಳಿದರು. "ಇಷ್ಟಕ್ಕೆಲ್ಲ ಯಾಕೆ ಬಿಚ್ಚೋದು? ಒಂದು ಬ್ಲೇಡ್ ಹಾಕಿ ಆ ಕಟ್ಟು ಕಿತ್ತರಾಯ್ತು."

ಅತ್ತೆಗೆ ಸಿಟ್ಟು ಬಂದರೆ ಧ್ವನಿ ಇನ್ನೂ ಮೆತ್ತಗಾಗುತ್ತದೆ. "ಸರ್, ಮೊದಲ ಕಟ್ಟಿಂದ ಕೊನೇ ಕಟ್ಟಿನ ತನಕ ಒಂದೇ ದಾರ. ಎಲ್ಲಿ ಕತ್ತರಿಸಿದ್ರೂ ಎಲ್ಲವೂ ಸಡಿಲ ಆಗ್ತವೆ. ಇವತ್ತು ಕಾಣಲ್ಲ. ಎರಡು ವರ್ಷ ಕಳೀಲಿ, ಮಕ್ಕಳ ಕೈಯಲ್ಲಿ ಹಾಳೆ ಬಿಡಿಬಿಡಿಯಾಗಿ ಬರುತ್ತೆ. ಆಗ ಯಾರ ಹೆಸರು ಹೇಳ್ತಾರೆ, ಬ್ಲೇಡಿಂದಾ?" ಸರ್ ಮೇಜು ಖಾಲಿ ಮಾಡಿಕೊಟ್ಟರು.

ಲೈಬ್ರರಿಯ ಉದ್ದ ಮೇಜಿನ ಮೇಲೆ ಅತ್ತೆ ಪುಸ್ತಕದ ಬೆನ್ನಿಗೆ ಒದ್ದೆ ಬಟ್ಟೆ ಹಾಕಿದಳು. ಅಂಟು ನೆನೆದ ಮೇಲೆ ರಟ್ಟು ಬಿಡಿಸಿದಳು. ದಾರ ಕತ್ತರಿಸಿ ಒಂದೊಂದೇ ಕಟ್ಟನ್ನು ಬೇರೆ ಮಾಡಿ ಸಾಲಾಗಿ ಇಟ್ಟಳು. ಸೋಮವಾರವಿಡೀ ಕೂತು ಹೊಲಿದದ್ದನ್ನು ಹಾಗೆ ಬಿಚ್ಚುತ್ತಿದ್ದಳು. ಒಂಬತ್ತನೆಯ ಕಟ್ಟು ಬಂತು. ಅದರ ಮೇಲೆ ನಾನು ಬರೆದ ಬೆಕ್ಕು ಇತ್ತು.

"ಇದೇ ಅತ್ತೆ."

ಲೈಬ್ರರಿ ಸರ್ ಕೈ ಚಾಚಿದರು. "ಕೊಡಿ ಇಲ್ಲಿ, ಏನಿದೆ ನೋಡೋಣ." ಅತ್ತೆ ಆ ಕಟ್ಟನ್ನು ತನ್ನ ಕುರ್ಚಿಯ ಮೇಲಿಟ್ಟು ಅದರ ಮೇಲೆ ಕೂತಳು. "ನಾನು ಹೊಲಿಯೋದನ್ನ ನಾನೇ ಓದಲ್ಲ ಸರ್. ಇದು ಚಪ್ಪಟೆ ಆಗಬೇಕಂತೆ," ಎಂದಳು.

(ಚಿತ್ರ: ಅತ್ತೆ, ಕುರ್ಚಿ, ನಡುವೆ ನನ್ನ ಡೈರಿ. ಪ್ರಪಂಚದಲ್ಲಿ ಇದಕ್ಕಿಂತ ಭದ್ರವಾದ ಬೀರು ಇಲ್ಲ.)

ಅಷ್ಟರಲ್ಲಿ ಮೂರನೇ ಪೀರಿಯಡ್ ಬೆಲ್ ಆಯಿತು. ಮೂರನೇ ಪೀರಿಯಡ್ ಏಳನೇ ಬಿಗೆ ಲೈಬ್ರರಿ. ನಲವತ್ತು ಜನ ಒಳಗೆ ಬಂದು, ಪುಸ್ತಕ ತೆಗೆಯುವುದು ಬಿಟ್ಟು ಮೇಜಿನ ಸುತ್ತ ನಿಂತರು. ಹೊಸ ಹುಡುಗಿ ಮುಂದೆಯೇ ನಿಂತಳು. ಅತ್ತೆ ತಲೆ ಎತ್ತದೆ ಸೂಜಿ ಹುಡುಕುತ್ತಿದ್ದಳು, ತಲೆಯಲ್ಲಿ ಎಂದಿನಂತೆ ಕಾಗದದ ಚೂರು.

ಲೈಬ್ರರಿ ಸರ್ ಹೇಳಿದರು, "ಕಟ್ಟುಗಳನ್ನ ಒಂದೊಂದಾಗಿ ಎತ್ತಿ ಕೊಡೋಕೆ ಒಬ್ಬರು ಬೇಕು. ಯಾರು ಬರ್ತೀರಿ?"

ಯಾರೂ ಮುಂದೆ ಬರಲಿಲ್ಲ. ಒಬ್ಬ ಹುಡುಗ ಪಕ್ಕದವನನ್ನು ತಳ್ಳಿದ. ನಾನು ಎರಡು ವಾರದಿಂದ ಆ ಗೇಟಿನಲ್ಲೇ ಬಗ್ಗಿ ನಿಂತಿದ್ದೆ. ಸಾಕಾಗಿತ್ತು.

"ನಾನು ಕೊಡ್ತೀನಿ. ಇವಳು ನಮ್ಮತ್ತೆ," ಎಂದೆ.

ಬೇಕಾದ್ದಕ್ಕಿಂತ ಜೋರಾಗಿಯೇ ಬಂತು. ಕಾರಿಡಾರಿನಲ್ಲಿ ಹೋಗುತ್ತಿದ್ದ ಎಂಟನೇ ಕ್ಲಾಸಿನವರೂ ತಿರುಗಿ ನೋಡಿದರು. ಅತ್ತೆ ಕತ್ತೆತ್ತಿ, "ಪಕ್ಕದಲ್ಲೇ ಕೂತಿದ್ದೀನಲ್ಲೇ, ಯಾಕೆ ಹಾಗೆ ಕೂಗ್ತೀಯ? ದಾರಕ್ಕೆ ಮೇಣ ಹಚ್ಚು," ಎಂದಳು. ಎಲ್ಲರೂ ನಕ್ಕರು. ನನಗೂ ನಗು ಬಂತು.

ಹೊಸ ಹುಡುಗಿ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, "ಅವತ್ತು ಗೇಟಲ್ಲಿ ನೀನು ಹೇಳ್ಲೇ ಇಲ್ಲ," ಎಂದಳು.

"ಇವತ್ತು ಹೇಳಿದ್ನಲ್ಲ."

ಅವಳು ಸ್ವಲ್ಪ ಹೊತ್ತು ಅತ್ತೆಯ ಕೈ ನೋಡಿದಳು. ದಬ್ಬಣ ಮಡಿಕೆಯಲ್ಲಿ ತೂತು ಮಾಡುವುದು, ಸೂಜಿ ಒಳಗಿಂದ ಹೊರಗೆ, ಹೊರಗಿಂದ ಒಳಗೆ ಹೋಗುವುದು, ಪ್ರತಿ ಕಟ್ಟಿನ ಕೊನೆಗೆ ಗಂಟು ಬೀಳುವುದು. "ನಂಗೂ ಒಂದು ಹೊಲಿಯೋಕೆ ಕೊಡ್ತಾರಾ?" ಎಂದು ಕೇಳಿದಳು. ಎರಡು ವಾರ ಇವಳಿಗೆ ಹೆದರಿ ಬಗ್ಗಿದ್ದೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಹೊಲಿಯುತ್ತಲೇ ಅತ್ತೆ ಎಲ್ಲರಿಗೂ ಪಾಠ ಮಾಡಿದಳು. "ಈ ಕಟ್ಟಿನ ಹೊರಗಿನ ಹಾಳೆ ನೋಡಿ, ಇದು ಮೊದಲು ಸವೆಯೋದು, ಮೊದಲು ಹರಿಯೋದು. ಒಳಗಿಂದು ಹಾಗಲ್ಲ. ನಟ್ಟ ನಡುವಿನ ಹಾಳೆ ಇದೆಯಲ್ಲ, ದಾರ ಕಾಣೋದು, ಅದು ಪುಸ್ತಕ ಮುದಿಯಾದ್ರೂ ಅಲ್ಲಾಡಲ್ಲ. ನಿಮಗೆ ಯಾವುದು ಕಳೀಬಾರದೋ ಅದನ್ನ ಅಲ್ಲಿ ಬರೀಬೇಕು." ಏಳನೇ ಬಿ ಇಷ್ಟು ಸುಮ್ಮನೆ ಯಾವ ಪಾಠವನ್ನೂ ಕೇಳಿದ್ದನ್ನು ನಾನು ಕಂಡಿಲ್ಲ. ಏಳು ಪಾಸಾದವಳು ಏಳರವರಿಗೆ ಪಾಠ ಮಾಡುತ್ತಿದ್ದಳು, ನನಗೆ ಹೆಮ್ಮೆಯಾಯಿತು. ಹೀಗೆ ನೇರವಾಗಿ ಬರೆಯಲು ಸಂಕೋಚವೇನಿಲ್ಲ.

ಊಟದ ಬೆಲ್ಲಿಗೆ ಹನ್ನೆರಡು ಕಟ್ಟುಗಳ ಹೊಲಿಗೆ ಮುಗಿಯಿತು. ಬೆನ್ನಿಗೆ ಅಂಟು ಹಚ್ಚಿ, ರಟ್ಟು ಕೂರಿಸಿ, ಮೇಲೆ ಲೈಬ್ರರಿಯ ಎಂಟು ದಪ್ಪ ಪುಸ್ತಕ ಹೇರಿ, ನಾಳೆ ಬೆಳಗ್ಗೆ ತನಕ ಯಾರೂ ಮುಟ್ಟಬಾರದು ಎಂದು ಹೇಳಿ ಅತ್ತೆ ಹೊರಟಳು. ನನ್ನ ಡೈರಿ ಅವಳ ಚೀಲದಲ್ಲಿ ಹೋಯಿತು.

ಶನಿವಾರ

ಮುಖ್ಯ ಅತಿಥಿ ಕಣ್ಣು ಮುಚ್ಚಿ ಪುಸ್ತಕ ತೆರೆದರು. ಸಿಕ್ಕಿದ್ದು ಗೋಂದುವಿನ 'ನೀರು'. ಗೋಂದು ನನ್ನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಐದು ಬೆರಳಿನ ಗುರುತು ಇನ್ನೂ ಇದೆ. ಕೊನೆಯ ಸಾಲಿನಲ್ಲಿ ಅತ್ತೆ ಪ್ರಬಂಧ ಕೇಳುತ್ತಿರಲಿಲ್ಲ, ಪುಸ್ತಕ ಅತಿಥಿಯ ಕೈಯಲ್ಲಿ ಮುಚ್ಚಿಕೊಳ್ಳದೆ ಚಪ್ಪಟೆಯಾಗಿ ನಿಂತಿದೆಯಾ ಎಂದು ಕತ್ತು ಉದ್ದ ಮಾಡಿ ನೋಡುತ್ತಿದ್ದಳು. ನಿಂತಿತ್ತು. ನಾನು ವೇದಿಕೆಯ ಪಕ್ಕದಿಂದ ಅವಳಿಗೆ ಎರಡೂ ಕೈ ಬೀಸಿದೆ. ಅವಳು ಸುಮ್ಮನೆ ಕೂತುಕೋ ಎಂದು ಸನ್ನೆ ಮಾಡಿದಳು.

ಮಧ್ಯಾಹ್ನ ಮನೆಗೆ ಬಂದ ಮೇಲೆ ನೋಡಿದರೆ ಮೇಜಿನ ಮೇಲೆ ನನ್ನ ಡೈರಿಯ ಹಳೆಯ ಕಟ್ಟುಗಳೆಲ್ಲ ಜೋಡಿಸಿಟ್ಟಿದ್ದವು. ಎಲ್ಲದರ ಮೇಲೆ ಶುಕ್ರವಾರ ಬಿಡಿಸಿ ತಂದ ಕಟ್ಟು.

"ಇನ್ಮೇಲೆ ಬಿಡಿ ಹಾಳೆ ಬೇಡ. ಇವತ್ತೇ ಬೈಂಡ್ ಮಾಡಿಬಿಡ್ತೀನಿ," ಎಂದಳು ಅತ್ತೆ.

"ಒಂದು ಹಾಳೆ ಹರಿದು ಹಾಕಿ ಆಮೇಲೆ ಮಾಡು ಅತ್ತೆ."

"ಯಾವುದು?"

"ಈ ಕಟ್ಟಿನ ಮೊದಲ್ನೇದು."

"ಮೊದಲ್ನೇದು ಹರಿದ್ರೆ ಅದರ ಜೋಡಿ, ಕೊನೇದೂ ಹೋಗುತ್ತೆ."

"ಕೊನೇದು ಖಾಲಿ ಇದೆ. ಹೋಗ್ಲಿ."

ಅತ್ತೆ ಕೈ ಒರೆಸಿಕೊಂಡಳು. "ಏನಿದೆ ಅದರಲ್ಲಿ?"

ಮಸಿ ಚೆಲ್ಲಿದೆ ಎನ್ನಬಹುದಿತ್ತು. ಅತ್ತೆ ನಂಬುತ್ತಿದ್ದಳು, ತೆರೆದೂ ನೋಡುತ್ತಿರಲಿಲ್ಲ. ಆದರೆ ಹಾಗೆ ಹೇಳಿದ್ದರೆ ನಾನು ಮತ್ತೆ ಗೇಟಿನಲ್ಲಿ ಬಗ್ಗಿದ ಹಾಗೇ. "ಎರಡನೇ ಪುಟ ಓದು," ಎಂದೆ.

"ನಾನು ಓದಲ್ಲ ಅಂತ ಗೊತ್ತಲ್ಲ."

"ಇದನ್ನ ಓದು."

ಅತ್ತೆ ಕನ್ನಡಕ ಹಾಕಿಕೊಂಡು ಕಿಟಕಿಯ ಹತ್ತಿರ ಹೋದಳು. ನಿಧಾನವಾಗಿ, ಪ್ರತಿ ಸಾಲಿನ ಕೆಳಗೆ ನೀಲಿ ಉಗುರು ಇಟ್ಟುಕೊಂಡು ಓದಿದಳು. ಎರಡು ಸಲ ಓದಿದಳು. ಆ ಹೊತ್ತಿನಲ್ಲಿ ನಾನು ಅಂಟಿನ ಪಾತ್ರೆಯ ಅಂಚಿನಲ್ಲಿ ಒಣಗಿದ್ದನ್ನೆಲ್ಲ ಕೆರೆದು ತೆಗೆದೆ. ಅತ್ತೆ ಕನ್ನಡಕ ತೆಗೆದು ಮಡಚಿದಳು.

"ಸುಳ್ಳೇನೂ ಹೇಳಿಲ್ಲವಲ್ಲ. ನಾನು ಬೈಂಡಿಂಗಿನವಳೇ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನಗೆ ಅಳು ಬಂತು. ಅತ್ತೆ ಪಕ್ಕದಲ್ಲಿ ಕೂತು ಅಂಟಿನ ಕೈಯಿಂದಲೇ ನನ್ನ ಬೆನ್ನು ಸವರಿದಳು, ಯೂನಿಫಾರ್ಮ್ ಕೆಟ್ಟಿತು.

"ನೋವಾಯ್ತಾ ಅತ್ತೆ?"

"ಆಯ್ತು," ಎಂದಳು. ಅತ್ತೆ ಸುಮ್ಮಸುಮ್ಮನೆ ಇಲ್ಲ ಎನ್ನುವವಳಲ್ಲ. ಆಮೇಲೆ ಏನೋ ಹೊಳೆದವಳ ಹಾಗೆ ನನ್ನ ಕಡೆ ತಿರುಗಿದಳು. "ಅದಕ್ಕಾ ನಿನ್ನೆ ಲೈಬ್ರರೀಲಿ ಹಾಗೆ ಕೂಗಿದ್ದು?"

ನಾನು ತಲೆ ಆಡಿಸಿದೆ. ಅತ್ತೆ ನಗಲು ಶುರು ಮಾಡಿದಳು. ನಗುತ್ತಾ ಕಣ್ಣು ಒರೆಸಿಕೊಂಡಳು. "ನನ್ನ ಕಿವಿ ಇನ್ನೂ ಗುಂಯ್ ಅಂತಿದೆ," ಎಂದಳು. ಆಮೇಲೆ ಚಿತ್ರವನ್ನು ಮತ್ತೊಮ್ಮೆ ನೋಡಿ, "ಮೂಗು ಮಾತ್ರ ಇಷ್ಟುದ್ದ ಇಲ್ಲ. ತಿದ್ದಬೇಕು," ಎಂದಳು.

"ಹರಿದು ಹಾಕ್ತೀಯಲ್ಲ?"

"ಹಾಳೆ ಹರಿಯೋರ ಮನೆ ಅಲ್ಲ ಇದು," ಎಂದು ಹೇಳಿ ನನ್ನನ್ನು ಮುಖ ತೊಳೆಯಲು ಕಳಿಸಿದಳು.

ಭಾನುವಾರ

ಇದು ಗಣಿತದ ನೋಟ್‌ಬುಕ್ ಅಲ್ಲ. ನನ್ನ ನಿಜವಾದ ಡೈರಿ. ಕಡುಹಸಿರು ಬಟ್ಟೆಯ ರಟ್ಟು, ಗಟ್ಟಿ ಬೆನ್ನು. ಎಲ್ಲಿ ತೆರೆದರೂ ಚಪ್ಪಟೆಯಾಗಿ ನಿಲ್ಲುತ್ತದೆ.

ಬೆಳಗ್ಗೆ ಕೈಗೆ ಕೊಟ್ಟಾಗ ಮೊದಲು ಓದಿ ನೋಡಿದೆ. ಕೊನೆಯ ಕಟ್ಟಿಗೆ ಬಂದರೆ ದಿನಗಳೆಲ್ಲ ಹಿಂದುಮುಂದು. ಮೊದಲ ಪುಟದಲ್ಲಿ ಇರಬೇಕಾದ ಬೆಕ್ಕು ಕಟ್ಟಿನ ಹೊಟ್ಟೆಗೆ ಬಂದು ಕೂತಿದೆ. ಅರ್ಧ ಹೇಳಿದ ಜಗಳ ನಾಲ್ಕು ಪುಟ ಬಿಟ್ಟು ಮುಗಿಯುತ್ತದೆ. ಅತ್ತೆ ಹೀಗೆ ತಪ್ಪು ಮಾಡುವವಳಲ್ಲ, ಅದೂ ಒಂದೇ ವಾರದಲ್ಲಿ ಎರಡು ಸಲ.

"ಅತ್ತೆ, ಹಾಳೆ ಅದಲುಬದಲಾಗಿದೆ."

"ಗೊತ್ತು. ಹೊರಗಿಂದನ್ನ ಒಳಗೆ ಹಾಕಿದ್ದೀನಿ. ಓದೋರು ಹುಡುಕಿಕೊಂಡು ಓದ್ಲಿ," ಎಂದಳು, ರಟ್ಟು ಕತ್ತರಿಸುತ್ತಾ. "ಖಾಲಿ ಇರೋ ಕಡೆ ಶುಕ್ರವಾರದ್ದು ಬರಿ."

ಆ ಕಟ್ಟಿನ ನಟ್ಟ ನಡುವೆ ತೆರೆದೆ. ಮೊದಲು ಎಲ್ಲಕ್ಕಿಂತ ಹೊರಗಿದ್ದ ಹಾಳೆ ಈಗ ಅಲ್ಲಿದೆ. ಎಡಗಡೆ ನನ್ನ ಎರಡನೇ ಪುಟ, ಅದರ ಜೋಡಿಯಾದ ಖಾಲಿ ಪುಟ ಎದುರಿಗೆ ಬಲಗಡೆ. ಇನ್ನು ಇದನ್ನು ಹರಿಯಬೇಕೆಂದರೂ ನನ್ನಿಂದ ಆಗುವುದಿಲ್ಲ.

ಮಧ್ಯಾಹ್ನವೆಲ್ಲ ಕೂತು ಬಲಗಡೆಯ ಪುಟ ತುಂಬಿಸಿದೆ. ಲೈಬ್ರರಿಯ ಮೇಜು, ಸುತ್ತ ನಲವತ್ತು ತಲೆ, ನಡುವೆ ಅತ್ತೆ. ಮೂಗನ್ನು ಮೂರು ಸಲ ಅಳಿಸಿ ಬರೆದೆ, ಮೂರನೇ ಸಲ ಅತ್ತೆ ಒಪ್ಪಿದಳು. ಎಡಗಡೆ 'ಬೈಂಡಿಂಗಿನವರು' ಎಂದಿದೆ. ಬಲಗಡೆ ಚಿತ್ರದ ಕೆಳಗೆ ದೊಡ್ಡದಾಗಿ 'ನಮ್ಮತ್ತೆ' ಎಂದು ಬರೆದಿದ್ದೇನೆ. ನಡುವೆ ಅತ್ತೆ ಹೊಲಿದ ದಾರ ಇದೆ.